ಸೋಮವಾರ ಖಾಲಿಯಿದ್ದ ಕಾರ್ಡು

ಐವಾನ್-ಎ-ಶಾಹಿ ಬಡಾವಣೆಯಲ್ಲಿರುವ ನಮ್ಮ ಮನೆಯ ಮೇಲ್ಮಹಡಿಯನ್ನು ಮಾಧವಿಗೆ ಆಫೀಸಿಗೆಂದು ಕೊಟ್ಟಾಗ, ಅಲ್ಲಿ ಏನು ಕೆಲಸ ನಡೆಯುತ್ತದೆಂದು ನಾನು ಕೇಳಿರಲಿಲ್ಲ. ವಿದ್ಯುತ್ ಇಲಾಖೆಯಲ್ಲಿ ಕಂಬ, ತಂತಿ, ಮೀಟರುಗಳ ನಡುವೆ ಸವೆದು ನಿವೃತ್ತನಾದವನು ನಾನು. ಕಣ್ಣಿಗೆ ಕಾಣದ ಕೆಲಸವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮಾಧವಿಯದೋ ಎಲ್ಲವೂ ಕಾಣದ್ದೇ. ಎಲ್ಲೋ ದೂರದ ಕಟ್ಟಡದಲ್ಲಿರುವ ಕಂಪ್ಯೂಟರುಗಳನ್ನು ಬಾಡಿಗೆಗೆ ಹಿಡಿದು ಇಲ್ಲಿ ಕೂತು ನಡೆಸುವುದು. ಅದಕ್ಕೆ ಕ್ಲೌಡ್ ಅನ್ನುತ್ತಾರೆ.

"ವಿಠ್ಠಲ ಕಾಕಾ, ಅಲ್ಲಿ ನೆಟ್‌ವರ್ಕ್ ಕಾರ್ಡೂ ಖರೇ ಕಾರ್ಡ್ ಅಲ್ರೀ. ಹೆಸರಿಗಷ್ಟ ಕಾರ್ಡು. ಆದ್ರ ಅದಕ್ಕೂ ತನ್ನದೇ ಒಂದು ನಂಬರ್ ಇರ್ತದ," ಎಂದು ಒಮ್ಮೆ ಹೇಳಿದ್ದಳು.

"ನೀನಾದ್ರೂ ಖರೇ ಅದೀ ಇಲ್ಲೋ?" ಎಂದು ನಾನು ಕಾಲೆಳೆದಿದ್ದೆ.

ಆಕೆ ಮೊದಲು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ತಪ್ಪು ಉತ್ತರಕ್ಕೂ ಅರ್ಧ ಅಂಕ ಹಾಕಿ ಎಂದ ಮೇಲಿನವರೊಡನೆ ಜಗಳವಾಡಿ ಬಿಟ್ಟುಬಂದವಳು. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವ ಜಾತಿ. ಅಂಥವಳಿಗೆ ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಪದ್ಧತಿ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅದರಲ್ಲಿ ಒಮ್ಮೆ ಮಾಡಿಟ್ಟದ್ದನ್ನು ಮತ್ತೆ ತಿದ್ದುವಂತಿಲ್ಲ. ಅದೇ ಪ್ರಶ್ನೆಗೆ ಯಾವತ್ತೂ ಅದೇ ಉತ್ತರ ಬರಬೇಕು. ಹೊರಗಿನದನ್ನು ಮುಟ್ಟುವ ಕೆಲಸವನ್ನು ಬೇರೆಯಾಗಿಯೇ ಇಡಬೇಕು.

"ನಮ್ಮ ತುಂಗಾಬಾಯಿ ಅಜ್ಜಿ ಮಡೀಲೆ ಇರ್ತಿದ್ಲಲ್ಲ, ಹಂಗ ನೋಡ್ರಿ. ಮಡಿ ಅರಿವಿ ಬ್ಯಾರೆ, ಮೈಲಿಗಿ ಅರಿವಿ ಬ್ಯಾರೆ. ತಪ್ಪು ಮಾಡಬೇಕಂದ್ರೂ ಬಿಡೂದಿಲ್ಲ," ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಆ ಹೆಮ್ಮೆ ನನಗೂ ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ.

ಅಂಬಮ್ಮ ನಮ್ಮ ಮೆಟ್ಟಿಲು ಹತ್ತಿ ಬಂದದ್ದು ಆ ದಿನಗಳಲ್ಲೇ. ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಹೆಂಗಸು. ಆಕೆ ಒಂದು ಕೂಗು ಹಾಕಿದರೆ ಹೊರಟ ಬಸ್ಸೂ ನಿಲ್ಲುತ್ತಿತ್ತು ಎಂದು ಮಗ ಶಿವಶರಣ ಹೇಳುತ್ತಿದ್ದ. ಗಂಟಲಿಗೆ ಕೆಟ್ಟ ಬೇನೆ ಬಿದ್ದು, ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅದಾದ ಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅಷ್ಟರೊಳಗೆ ಆಕೆಯ ದನಿಯನ್ನು ಹಿಡಿದಿಡಬೇಕೆಂದು ಮಾಧವಿ ಎಷ್ಟೋ ಮಧ್ಯಾಹ್ನ ಕೂಡಿಸಿಕೊಂಡು ಓದಿಸಿದಳು. ಬೇರೆ ರಾಜ್ಯದ ಒಂದು ಸಣ್ಣ ಕಂಪನಿ ಆ ದನಿಯನ್ನು ಕಲಿತು ಮಾತಾಡುವ ಸಾಫ್ಟ್‌ವೇರ್ ಮಾಡಿಕೊಟ್ಟಿತು. ಆಪರೇಷನ್ ಆಗಿ ಎಷ್ಟೋ ತಿಂಗಳ ಮೇಲೆ ಅದು ಕೈಗೆ ಬಂತು, ಅಂದಿನಿಂದ ಅಂಬಮ್ಮ ಫೋನಿನಲ್ಲಿ ಬರೆದದ್ದನ್ನೆಲ್ಲ ಫೋನು ಅಂಬಮ್ಮನ ದನಿಯಲ್ಲೇ ಆಡತೊಡಗಿತು. ಆಗ ಹುಟ್ಟಿದವಳು ಮೊಮ್ಮಗಳು ಸೃಷ್ಟಿ. ಅಜ್ಜಿಯರೆಲ್ಲ ಫೋನಿನಿಂದಲೇ ಮಾತಾಡುತ್ತಾರೆಂದು ಆ ಹುಡುಗಿ ತಿಳಿದಿರಬೇಕು.

ಆ ಸಾಫ್ಟ್‌ವೇರ್ ನಡೆಯುತ್ತಿದ್ದದ್ದು ಮಾತ್ರ ಫೋನಿನೊಳಗಲ್ಲ, ಮಾಧವಿಯ ಕ್ಲೌಡಿನಲ್ಲಿ. ಒಂದೇ ಒಂದು ತೊಡಕು. ಆ ಸಾಫ್ಟ್‌ವೇರನ್ನು ಕದಿಯಬಾರದೆಂದು ಕಂಪನಿಯವರು ಅದನ್ನು ಒಂದು ಕಾಣದ ಕಾರ್ಡಿನ ನಂಬರಿಗೆ ಕಟ್ಟಿಹಾಕಿದ್ದರು. ಆ ನಂಬರು ಇದ್ದರಷ್ಟೇ ಅದು ಬಾಯಿ ಬಿಡುವುದು. ಆಮೇಲೆ ಕಂಪನಿ ಮುಚ್ಚಿತು, ಅದರವರು ಎಲ್ಲಿ ಹೋದರೋ ಪತ್ತೆಯಿಲ್ಲ. ಮಾಧವಿ ಆ ಕಾರ್ಡನ್ನು ಜೋಪಾನ ಮಾಡಿದ್ದಳು. ಅಂಬಮ್ಮ ಫೋನಿನಲ್ಲಿ ಬಂದ್ ಒತ್ತಿದರೆ ಕ್ಲೌಡಿನ ಕಂಪ್ಯೂಟರು ಇಲ್ಲವಾಗಿ, ಕಾರ್ಡು ಬಿಡಿಯಾಗಿ ಉಳಿಯುತ್ತಿತ್ತು. ಮತ್ತೆ ಚಾಲೂ ಮಾಡಿದಾಗ ಹೊಸ ಕಂಪ್ಯೂಟರಿಗೆ ಅದೇ ಕಾರ್ಡು ಕೂಡುತ್ತಿತ್ತು. ಆದರೆ ಅಂಬಮ್ಮ ಬಂದ್ ಮಾಡುವವಳೇ ಅಲ್ಲ ಎಂದು ಮಾಧವಿಯ ನಂಬಿಕೆ. ಅಷ್ಟು ಮಾತಿನ ಹೆಂಗಸು ಯಾಕೆ ಬಂದ್ ಮಾಡಿಯಾಳು?

ಈ ಶ್ರಾವಣದಲ್ಲಿ ಮಾಧವಿಯ ಕ್ಲೌಡಿನಲ್ಲಿ ಕಾರ್ಡುಗಳ ಮಿತಿ ತುಂಬಿಹೋಯಿತು. ಯಾವುದೋ ಹಳೆಯ ಕೆಲಸಗಳಿಗೆ ಮಾಡಿ ಬಿಟ್ಟ ಕಾರ್ಡುಗಳು ಬಿದ್ದುಕೊಂಡು, ಹೊಸ ಕಂಪ್ಯೂಟರು ಏಳದಾಯಿತು. ಕ್ಲೌಡಿನೊಡನೆ ಮಾತಾಡಲಿಕ್ಕೆ ಆಕೆಯ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಲೈಬ್ರರಿ ಎಂಬ ಒಂದು ಸಿದ್ಧ ಸಲಕರಣೆ ಇದೆ. ಅದನ್ನು ಹಿಡಿದು ಪ್ರೋಗ್ರಾಮ್ ಬರೆದಳು: ಯಾವ ಕಾರ್ಡು ಯಾವುದಕ್ಕೂ ಕೂಡಿಲ್ಲವೋ ಅದನ್ನು ಹುಡುಕು, ಅಳಿಸು. ಕೂಡಿಕೊಂಡ ಕಾರ್ಡನ್ನು ಅಳಿಸಲು ಅದು ಒಪ್ಪುವುದೇ ಇಲ್ಲ. ಗುರುವಾರ ಪಟ್ಟಿ ತೆಗೆದು ನೋಡಿದಳು, ಎಲ್ಲ ಕಸವೇ. ಅಳಿಸದೆ ಬರೀ ಪರೀಕ್ಷೆ ಮಾಡುವ ಒಂದು ದಾರಿಯಿದೆ, ಅದನ್ನೂ ಮಾಡಿದಳು. ಅದು ಹೇಳುವುದು ಇಷ್ಟೇ: ಅಳಿಸುವ ಅಧಿಕಾರ ನಿನಗಿದೆ. ಅಳಿಸಬೇಕೋ ಬೇಡವೋ ಅದಕ್ಕೇನು ಗೊತ್ತು!

ಸೋಮವಾರ ನಿಜವಾಗಿ ನಡೆಸಿದಳು. ಪಟ್ಟಿಯನ್ನು ಮತ್ತೆ ನೋಡಲಿಲ್ಲ. ಬೀಗವನ್ನು ಮೂರು ಸಲ ಜಗ್ಗುವವಳು ಅಂದು ಒಂದು ಸಲವೂ ಜಗ್ಗಲಿಲ್ಲ. ಅದೇ ಪ್ರಶ್ನೆಗೆ ಅದೇ ಉತ್ತರ ಎಂಬ ಭರವಸೆ. ಅಳಿಸಿದ ಮೇಲೆ ಬರುವ ಉತ್ತರದಲ್ಲಿ ಏನೂ ಇರುವುದಿಲ್ಲವಂತೆ, ಖಾಲಿ ಬಂದರೆ ಕೆಲಸವಾಯಿತು ಎಂದರ್ಥ. ಕೆಳಗಿಳಿದು ಬಂದು ನಮ್ಮಲ್ಲಿ ಚಹಾ ಕುಡಿದು ಹಗುರಾಗಿ ಮನೆಗೆ ಹೋದಳು.

ಮಂಗಳವಾರ ಬೆಳಿಗ್ಗೆ ಶಿವಶರಣನ ಫೋನು ಬಂತು. ಆಕೆ ಆಗಷ್ಟೇ ಗೇಟು ದಾಟಿ ಅಂಗಳಕ್ಕೆ ಬಂದಿದ್ದಳು.

"ಅಕ್ಕೋರ, ಅವ್ವನ ದನಿ ಬರವಲ್ದು ನೋಡ್ರಿ. ಚಾಲೂ ಮಾಡಿದ್ರ ಸುಮ್ನ ತಿರಗಾಕತ್ತದ."

"ಚಾಲೂ ಮಾಡಿದ್ರ ಅಂದ್ರ? ಬಂದ್ ಯಾವಾಗ ಮಾಡಿದ್ರಿ?"

"ನಿನ್ನೆ ಶ್ರಾವಣ ಸೋಮವಾರ ಅಲ್ರೀ. ಅವ್ವ ಮೌನ ಹಿಡೀತಾಳ. ಮುಂಜಾನಿ ಬಂದ್ ಮಾಡಿದ್ಲು."

ಮಾಧವಿ ಮೆಟ್ಟಿಲ ಮೇಲೆ ಕೂತಳು. "ನಮ್ಮ ಏಕಾದಶಿ ನನಗ ನೆನಪಿರ್ತದ ಕಾಕಾ. ಆಕೀ ಸೋಮವಾರ ನನಗ ಹೊಳೀಲೇ ಇಲ್ಲ," ಎಂದಳು.

ಅಂದು ಇಡೀ ದಿನ ಒದ್ದಾಡಿದಳು. ಹೊಸ ಕಾರ್ಡು ಮಾಡಿದರೆ ಹೊಸ ನಂಬರೇ ಬರುತ್ತದೆ, ಹಳೆಯದನ್ನು ಕೇಳಿ ಪಡೆಯುವಂತಿಲ್ಲ. ಅಳಿಸಿದ್ದನ್ನು ಮರಳಿ ತರಲಾಗದು ಎಂದು ಕ್ಲೌಡಿನವರು ಬಹಳ ವಿನಯದಿಂದ ತಿಳಿಸಿದರು. ಆ ವಿನಯ ಕಂಡು ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ರೇಗಬೇಕೆಂದು ಮಾತ್ರ ತಿಳಿಯಲಿಲ್ಲ.

ಮರುದಿನ ನನ್ನ ಹಳೆಯ ಕಾರಿನಲ್ಲಿ ಕಮಲಾಪುರಕ್ಕೆ ಹೊರಟೆವು. ಹಿಂದೆ ಓದಿಸಿ ಹಿಡಿದ ಧ್ವನಿಮುದ್ರಣಗಳು ಮಾಧವಿಯ ಲ್ಯಾಪ್‌ಟಾಪಿನಲ್ಲಿದ್ದವು; ಅವುಗಳಿಂದ ಮತ್ತೆ ದನಿ ಕಟ್ಟಿಕೊಡಬಲ್ಲವರು ಮುಚ್ಚಿಹೋದ ಆ ಕಂಪನಿಯ ಹೊರತು ಆಕೆಗೆ ಯಾರೂ ಸಿಕ್ಕಿರಲಿಲ್ಲ. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಮಹಾಗಾಂವ ದಾಟಿದ ಮೇಲೆ ನಾನೇ ಬಾಯಿ ತೆರೆದೆ.

"ಫೋನಿನ್ಯಾಗ ಹೇಳಿದ್ರ ಆಗ್ತಿದ್ದಿಲ್ಲೇನವಾ?"

"ತಿರುಗಿ ಬೈಲಿಕ್ಕೂ ದನಿ ಇಲ್ಲದಾಕಿಗೆ ಫೋನಿನ್ಯಾಗ ಹೆಂಗ ಹೇಳ್ಲಿ ಕಾಕಾ?"

ಅಂಬಮ್ಮ ಪಡಸಾಲೆಯಲ್ಲಿ ಕೂತಿದ್ದಳು. ಗಂಟಲಿಗೆ ಸೆರಗು ಸುತ್ತಿಕೊಂಡಿದ್ದಳು. ಮಾಧವಿ ನೀರು ಕೂಡ ಮುಟ್ಟದೆ, "ಅಂಬಮ್ಮ, ನಿಮ್ಮ ದನಿ ನಾನ ಅಳಿಸೀನಿ. ಅದು ಮತ್ತ ಬರೂದಿಲ್ಲ," ಎಂದುಬಿಟ್ಟಳು.

ಅಂಬಮ್ಮ ಮೊಮ್ಮಗಳ ಪಾಟಿ ತೆಗೆದುಕೊಂಡು ಬಳಪದಿಂದ ಬರೆದಳು: 'ನಾ ಬಂದ್ ಮಾಡಿದ್ದಕ್ಕ ಹೋಯ್ತೇನು?'

"ಇಲ್ರೀ! ನಿಮ್ದೇನೂ ತಪ್ಪಿಲ್ಲ. ನಾ ನೋಡಬೇಕಾಗಿತ್ತು, ನೋಡ್ಲಿಲ್ಲ."

ಶಿವಶರಣ ಗೋಡೆಗೆ ಒರಗಿ ನಿಂತಿದ್ದ. "ಮದುವಿಯಾಗಿ ಬಂದಾಗಿಂದ ಅವ್ವ ಶ್ರಾವಣ ಸೋಮವಾರ ಮೌನ ಹಿಡೀತಿದ್ಲ್ರೀ. ಆಪರೇಷನ್ ಆದ ವರ್ಷ ಬಿಟ್ಟಿದ್ಲು. ಮಾತೇ ಇಲ್ಲದಾಕಿ ದೇವರಿಗೆ ಏನ್ ಬಿಟ್ಟುಕೊಡ್ಲಿ ಅಂತ ಬರೆದು ತೋರಿಸಿದ್ಲು. ನೀವು ದನಿ ಕೊಟ್ಟ ಮ್ಯಾಲೆ ಮತ್ತ ಹಿಡದ್ಲು."

ಮಾಧವಿ ಅತ್ತಳು. ನನಗೂ ಕಣ್ಣು ತುಂಬಿತು, ಮರೆಮಾಚಲು ಹೋಗಲಿಲ್ಲ. ಅಂಬಮ್ಮನೇ ಎದ್ದು ಬಂದು ಆಕೆಯ ಬೆನ್ನು ಸವರಿದಳು.

"ಫೋನಿನ್ಯಾಗ ಬ್ಯಾರೆ ದನಿ ಅದ, ಅವ್ವ ಒಲ್ಲೆ ಅಂತಾಳ," ಎಂದ ಶಿವಶರಣ.

ಮಾಧವಿ ಲ್ಯಾಪ್‌ಟಾಪ್ ತೆರೆದು ಹಳೆಯ ಮುದ್ರಣ ಹಾಕಿದಳು. ಎಲ್ಲವೂ ಆ ಕಂಪನಿ ಓದಲು ಕೊಟ್ಟಿದ್ದ ಪುಸ್ತಕದ ಮಾತು. 'ರೈಲು ಸಮಯಕ್ಕೆ ಸರಿಯಾಗಿ ಹೊರಟಿತು.' 'ಕೊಡೆಯನ್ನು ಮರೆಯದಿರಿ.' ನಡುವೆ ಒಮ್ಮೆ, "ಅಕ್ಕೋರ, ಮದ್ಲ ಚಾ ಕುಡಸ್ರಿ, ಗಂಟಲ ಒಣಗ್ಯದ!" ಎಂದು ನಿಜವಾದ ಅಂಬಮ್ಮ ಗದರಿದಳು. ಶಿವಶರಣ ನಕ್ಕ, ನಗುತ್ತಲೇ ಮುಖ ತಿರುಗಿಸಿದ. ಅಂಬಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಅಷ್ಟರಲ್ಲಿ ಸೃಷ್ಟಿ ಹೊರಗಿನಿಂದ ಓಡಿಬಂದಳು. "ಅಜ್ಜಿ ಮಾತಾಡಿದ್ಲು! ಅಜ್ಜಿ, ನನ್ನ ಕರಿ, ನಾ ಅಡಗತೀನಿ!" ಎಂದು ಮೂಲೆಯ ಜೋಳದ ಚೀಲಗಳ ಹಿಂದೆ ಸೇರಿಕೊಂಡಳು. ಇದು ಅವರಿಬ್ಬರ ದಿನದ ಆಟ. ಅಜ್ಜಿ ಹೆಸರು ಹಿಡಿದು ಕರೆದರೇ ಹೊರಗೆ ಬರುವುದು, ಆಮೇಲೆಯೇ ಊಟ.

ಮಾಧವಿಯ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು. ಆ ಮುದ್ರಣಗಳಲ್ಲಿ ರೈಲು ಇತ್ತು, ಕೊಡೆ ಇತ್ತು, ಸೃಷ್ಟಿ ಇರಲಿಲ್ಲ. ಅವನ್ನು ಓದಿದಾಗ ಆ ಹುಡುಗಿ ಇನ್ನೂ ಹುಟ್ಟಿರಲಿಲ್ಲ.

ಅಂಬಮ್ಮ ಚಪ್ಪಾಳೆ ತಟ್ಟಿದಳು. ಚೀಲಗಳ ಹಿಂದೆ ಯಾರೂ ಅಲುಗಲಿಲ್ಲ. ಇನ್ನೊಮ್ಮೆ ತಟ್ಟಿದಳು. ಆಮೇಲೆ ಮಾಧವಿಯ ಕಡೆ ತಿರುಗಿ, ನೀನೇ ಕರೆ ಎಂದು ಕೈ ಮಾಡಿದಳು.

"ಸೃಷ್ಟೀ... ಬಾರವಾ," ಎಂದಳು ಮಾಧವಿ.

ಚೀಲದ ಹಿಂದಿನಿಂದ ಉತ್ತರ ಬಂತು:

"ನೀ ಅಲ್ಲ. ಅಜ್ಜಿ ಕರೀಲಿ."