ನಾನು ಅಳಿಸಿದ ನೆರಳು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ತಪ್ಪು ನನ್ನದು. ವಡಾಲದ ನಮ್ಮ ಚಾಳಿನ ಬಿಸಿಲನ್ನು ನುಂಗಿದ್ದು ಎದುರಿಗೆ ಏಳುತ್ತಿರುವ ಟವರ್. ಆದರೆ ನುಂಗಿದ್ದಕ್ಕೆ ಸಾಕ್ಷಿಯೇ ಉಳಿಯದ ಹಾಗೆ ಮಾಡಿದವನು ನಾನು. ಅದೂ ಒಂದೇ ಬೆರಳಿನಿಂದ, ಲೋಕಲ್‌ನಲ್ಲಿ ಜೋತಾಡುತ್ತ.

ನನ್ನ ಬುದ್ಧಿ ಇಡೀ ಚಾಳಿಗೇ ಗೊತ್ತು. ಸ್ಟೇಷನ್ನಿನ ಅನೌನ್ಸ್‌ಮೆಂಟ್ ದನಿಯಿಂದ ಹಿಡಿದು ನಮ್ಮ ಚಾಳಿನ ಸೆಕ್ರೆಟರಿಯ ಕೆಮ್ಮಿನವರೆಗೆ ಎಲ್ಲವನ್ನೂ ಅಣಕಿಸುವವನು. ಈಚೆಗೆ ಫೋಟೋ ಹುಚ್ಚು ಬೇರೆ. ಲೈಟ್ ಚೆನ್ನಾಗಿದೆ ಎಂದು ಹಾಲಿನವನನ್ನೂ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲಿಸಿದ್ದುಂಟು. (ಅವತ್ತು ಹಾಲು ಒಡೆದದ್ದು ಆ ಕಾರಣಕ್ಕಲ್ಲ ಎಂದು ಇವತ್ತಿಗೂ ವಾದಿಸುತ್ತೇನೆ.)

ಆದರೆ ಕೋಣೆಗಳ ಮುಂದೆ ಉದ್ದಕ್ಕೂ ಹಾದ ನಮ್ಮ ಗ್ಯಾಲರಿಯ ಬೆಳಕೇ ಹುಚ್ಚು ಹಿಡಿಸುವ ಹಾಗಿತ್ತು. ಪಶ್ಚಿಮಕ್ಕೆ ಮುಖ. ಬೆಳಿಗ್ಗೆ ನೀರಿನ ಡ್ರಮ್ಮುಗಳ ಮೇಲೆ ತೆಳು ಮಜ್ಜಿಗೆಯಂಥ ಬೆಳಕು. ಮಧ್ಯಾಹ್ನ ಸುಣ್ಣದಷ್ಟು ಬಿಳುಪು. ನಾಲ್ಕು ಗಂಟೆಗೆ ಮರದ ಕಟಾಂಜನದ ಮೇಲೆ ಬೆಲ್ಲದ ಪಾಕ ಸುರಿದ ಹಾಗೆ. ಒಂದೇ ಜಾಗ, ಗಂಟೆಗೊಂದು ಬಣ್ಣ. ನಾನು ಅದನ್ನು ಫೋನಿನಲ್ಲಿ ಹಿಡಿಯುತ್ತಿದ್ದೆ. ಪಕ್ಕದ ಖೋಲಿಯ ಗಂಗವ್ವ ಮೌಶಿ ಅದನ್ನು ಸಂಡಿಗೆಯಲ್ಲಿ ಹಿಡಿಯುತ್ತಿದ್ದರು.

ಮೌಶಿ ವಿಜಯಪುರದ ಕಡೆಯವರು. ಗಂಡ ಹೋದ ಮೇಲೆ ಮನೆ ನಡೆಸಿದ್ದು ಸಂಡಿಗೆ ಮಾರಿ. ಬೇಸಿಗೆಯ ಎರಡು ತಿಂಗಳು ಗ್ಯಾಲರಿಯಲ್ಲಿ ಹಳೆಯ ಸೀರೆ ಹಾಸಿ ಒಣಗಿಸಬೇಕು, ವರ್ಷವಿಡೀ ಮಾರಬೇಕು. (ಮೇಲೆ ಒಣಗಿಸೋಣ ಎಂದರೆ ನಮ್ಮದು ಇಳಿಜಾರು ತಗಡಿನ ಮಾಡು. ಬೆಕ್ಕೂ ಜಾರುತ್ತದೆ.) ಒಣಗಿತೋ ಇಲ್ಲವೋ ಎಂದು ಅವರು ಕಣ್ಣಲ್ಲಿ ನೋಡುವುದಿಲ್ಲ. ಸಂಡಿಗೆಯನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಾರೆ. ಟಕ್ ಎಂದರೆ ಡಬ್ಬಿಗೆ.

ಈ ವರ್ಷ ಟಕ್ ಎನ್ನಲಿಲ್ಲ. ಬಾಗಿತು. ಎರಡು ಗಂಟೆಗೇ ಸೂರ್ಯ ಟವರಿನ ಹಿಂದೆ ಹೋಗಿಬಿಡುತ್ತಿದ್ದ. ಬಾಗಿದ ಸಂಡಿಗೆಗೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಯಾರು ಕೊಳ್ಳುತ್ತಾರೆ?

ಚಾಳಿನವರೆಲ್ಲ ಸೇರಿ ಪಾಲಿಕೆಗೆ ಅರ್ಜಿ ಹಾಕಿದೆವು. ಎದ್ದಷ್ಟು ಎದ್ದಿದೆ, ಇನ್ನು ಮೇಲೇರುವುದನ್ನಾದರೂ ನಿಲ್ಲಿಸಿ ಎಂದು. ಫೋರ್ಟ್‌ನ ಪಾಲಿಕೆ ಕಚೇರಿಯಿಂದ ಕರೆ ಬಂತು: ಗ್ಯಾಲರಿಯ ಫೋಟೋ ತನ್ನಿ, ಹನ್ನೆರಡರಿಂದ ಐದರವರೆಗೆ, ಗಂಟೆಗೊಂದು.

ಮೌಶಿ ಅವತ್ತೇ ನನ್ನ ಕಿವಿ ಹಿಂಡಿದ್ದರು. “ಸಚ್ಯಾ, ಇದ್ದದ್ದ ಇದ್ದಂಗ ತಗಿ ತಮ್ಮಾ. ನಿನ್ನ ಕಲಾಕಾರಿ ನನ್ನ ಸಂಡಿಗಿಗೆ ಬ್ಯಾಡ.”

“ನನ್ನ ಮ್ಯಾಲ ಭರೋಸಾ ಇಲ್ಲೇನ್ ಮೌಶಿ?”

“ನಿನ್ನ ಮ್ಯಾಲ ಐತಿ. ನಿನ್ನ ಕೈ ಮ್ಯಾಲ ಇಲ್ಲ.”

ಆರು ಫೋಟೋ ತೆಗೆದೆ. ಮೂರು ಗಂಟೆಯದ್ದರಲ್ಲಿ ಸೀರೆ, ಸಂಡಿಗೆ, ಕಟಾಂಜನ ಎಲ್ಲ ಬೂದಿ ಬಣ್ಣ. ನಮಗೆ ಬೇಕಾಗಿದ್ದೂ ಅದೇ. ಆದರೆ ಮರುದಿನ ಫೋರ್ಟ್‌ಗೆ ಹೋಗುವ ಲೋಕಲ್‌ನಲ್ಲಿ ಒಬ್ಬನೇ ನೋಡುತ್ತ ನಿಂತಾಗ ಅನ್ನಿಸಿತು, ಛೆ, ಎಷ್ಟು ಡಲ್. ಬೆರಳು ತಾನಾಗಿಯೇ ಎಡಿಟ್ ಬಟನ್ನಿಗೆ ಹೋಯಿತು. ನೆರಳನ್ನು ಸ್ವಲ್ಪ ತಿಳಿ ಮಾಡಿದೆ. ಬಣ್ಣ ಒಂದಿಷ್ಟು ಬೆಚ್ಚಗೆ ಮಾಡಿದೆ. ಮೂರಕ್ಕೆ ಮಾಡಿದ ಮೇಲೆ ನಾಲ್ಕು, ಐದನ್ನು ಬಿಡಲಾದೀತೇ? ಇಳಿದು ಪ್ರಿಂಟ್ ಹಾಕಿಸಿದೆ. ಏನು ಮಾಡಿದ್ದೇನೆ ಎಂಬುದು ಆಗಲೂ ತಲೆಗೆ ಹೋಗಲಿಲ್ಲ ಎಂದರೆ ನಂಬುತ್ತೀರಾ?

ಕಚೇರಿಯಲ್ಲಿ ಮೌಶಿ ಮತ್ತು ಸೆಕ್ರೆಟರಿ ಆಗಲೇ ಬಂದು ಕಾಯುತ್ತಿದ್ದರು. ಅರ್ಜಿ ನೋಡುವ ಸಾಹೇಬರು ಆರನ್ನೂ ಮೇಜಿನ ಮೇಲೆ ಹರಡಿದರು. ಮೂರು ಗಂಟೆಯದನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು.

“ಇತನಾ ಉಜಾಲಾ ತೋ ಮೇರೇ ಘರ್ ಮೇ ಭೀ ನಹೀ ಆತಾ.” ಇಷ್ಟು ಬೆಳಕು ಅವರ ಮನೆಗೂ ಬರುವುದಿಲ್ಲವಂತೆ.

“ಸರ್, ವೋ... ಥೋಡಾ ಎಡಿಟ್ ಕಿಯಾ ಹೈ,” ಎಂದು ತಿದ್ದಿದ್ದನ್ನು ಒಪ್ಪಿಕೊಂಡೆ.

“ಅಚ್ಛಾ. ತೋ ಬಾಕೀ ಭೀ ಎಡಿಟ್ ಹೈ?” ಉಳಿದವನ್ನೂ ತಿದ್ದಿದೆಯೇ ಎಂದು ಅವರ ಅನುಮಾನ.

ಫೋನ್ ತೆಗೆದು ಮೂಲ ಫೋಟೋ ತೋರಿಸಿದೆ. ಬಣ್ಣ ಬೂದಿಯೇ, ಆದರೆ ಸಾಹೇಬರ ಕಣ್ಣಿಗೆ ಅಲ್ಲೂ ಸಾಕಷ್ಟು ಬೆಳಕಿತ್ತು. ಕತ್ತಲೆ ಕಂಡರೆ ಸಾಕು, ತಾನೇ ತಿದ್ದುವ ಜಾಣ ಫೋನು. ನನಗಿಂತ ಮೊದಲು ಅದೇ ಕೈ ಹಾಕಿತ್ತು. ಸೆಕ್ರೆಟರಿ ಕೆಮ್ಮಿದರು. ಸಾಹೇಬರು ಪ್ರಿಂಟುಗಳನ್ನು ಮೌಶಿಯ ಕಡೆ ತಳ್ಳಿ ಫೈಲ್ ಮುಚ್ಚಿದರು.

ಯಾರನ್ನು ಬೈಯಲಿ? ಊರಿಗೆ ಕಳಿಸುವ ಪ್ರತಿ ಫೋಟೋದಲ್ಲೂ ನಮ್ಮ ಕತ್ತಲೆ ಖೋಲಿಗಳನ್ನು ತಿದ್ದಿ ಬೆಳಕಿನ ಹಾಲ್ ಮಾಡಿದವರು ನಾವೇ ಅಲ್ಲವೇ? ನಮ್ಮ ಕಾಕಾ ವಿಜಯಪುರದಿಂದ ಫೋನ್ ಮಾಡಿದಾಗಲೆಲ್ಲ ‘ಎಷ್ಟ್ ಹವಾ-ಬೆಳಕಿನ ಮನಿ’ ಎನ್ನುತ್ತಾರೆ. ಇಲ್ಲ ಎಂದು ಯಾವತ್ತಾದರೂ ಹೇಳಿದ್ದೇನೆಯೇ? ಇಷ್ಟು ವರ್ಷ ಅಳಿಸಿದ ನೆರಳನ್ನು ಒಂದು ದಿನ ಸಾಕ್ಷಿಗೆ ಬಾ ಎಂದರೆ ಎಲ್ಲಿಂದ ಬರಬೇಕು?

ವಾಪಸು ಬರುವಾಗ ಟ್ರೇನಿನಲ್ಲಿ ಸಾಹೇಬರ ದನಿ ಅಣಕಿಸಿದೆ. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ.

ಗ್ಯಾಲರಿಗೆ ಬಂದಾಗ ಮೂರು ದಾಟಿತ್ತು. ಸೀರೆಯ ಮೇಲೆ ಸಂಡಿಗೆ ಹಾಗೇ ಮೆತ್ತಗೆ ಬಿದ್ದಿತ್ತು. ಟವರ್ ಮೇಲೆ ಕ್ರೇನ್ ತಿರುಗುತ್ತಿತ್ತು.

“ಮೌಶಿ, ಇನ್ನೊಮ್ಮೆ ಅರ್ಜಿ ಹಾಕೋಣು. ನಾ ಬ್ಯಾರೆ ಫೋಟೋ ತಗಿತೀನಿ,” ಎಂದೆ.

ಮೌಶಿ ಚೀಲದಿಂದ ಮೂರು ಗಂಟೆಯ ಪ್ರಿಂಟ್ ತೆಗೆದು ನೆಲದ ಮೇಲೆ ಹಾಸಿದರು. ಒಂದು ಹಸಿ ಸಂಡಿಗೆ ಎತ್ತಿ ಅದರ ನಟ್ಟನಡುವೆ ಇಟ್ಟರು.

“ಇದರಾಗ ಬಿಸಲು ಭಾಳ ಐತಲ್ಲೋ ಸಚ್ಯಾ. ಕುಂದ್ರು, ಒಣಗಿಸಿ ಕೊಟ್ಟು ಹೋಗು.”