ಅತಿಥಿಗೆ ಕೇಳಬಾರದ ಪ್ರಶ್ನೆ

‘ಕೇಳುವ ಮಗುವಿಗೆ ಬಾನೇ ಅಂಗಳ’ ಎಂದೇನೋ ನಮ್ಮ ಶಾಲೆಯ ಸ್ವಾಗತಗೀತೆಯಲ್ಲಿತ್ತು. ಮುಂದಿನ ಸಾಲು ಮರೆತಿದೆ. ಆದರೆ ಆ ಅಂಗಳಕ್ಕೆ ನಮ್ಮನ್ನು ಇಳಿಯಲು ಬಿಟ್ಟವರು ಯಾರು?

ಇಂದು ವಿದ್ಯಾನಗರದಲ್ಲಿ ಬಾಹ್ಯಾಕಾಶ ವಿಜ್ಞಾನಿಯೊಬ್ಬರಿಗೆ ಸಾರ್ವಜನಿಕರು ಪ್ರಶ್ನೆ ಕೇಳಬಹುದಂತೆ. ಆದರೆ ಆಮಂತ್ರಣದ ಕೊನೆಯಲ್ಲಿ, ಪ್ರಶ್ನೆಗಳನ್ನು ಮೊದಲೇ ಬರೆದು ಕೊಡಬೇಕು, ಆಯ್ದವುಗಳನ್ನು ಮಾತ್ರ ಓದಲಾಗುವುದು ಎಂದಿದೆ. ಓದಿ ಮೈಯೆಲ್ಲ ಉರಿಯಿತು.

ನಾನು ಆರನೆಯ ತರಗತಿಯಲ್ಲಿದ್ದಾಗ ಅಂಥ ವಿಜ್ಞಾನಿಯೊಬ್ಬರು ಶಾಲೆಗೆ ಬಂದಿದ್ದರು. ನಮ್ಮ ಮಾಷ್ಟ್ರು ಪಾಠಪುಸ್ತಕದ ಪ್ರಶ್ನೆಗಳನ್ನೇ ಚೀಟಿಯಲ್ಲಿ ಬರೆದು ಹಂಚಿದರು. ಆಕಾಶದ ಆಚೆ ಏನಿದೆ ಎಂದು ಕೇಳುತ್ತೇನೆ ಅಂದೆ. ಮಾಷ್ಟ್ರು ಗಾಬರಿಯಾದರು.

“ಅವರಿಗೆ ಗೊತ್ತಿಲ್ಲದಿದ್ರೆ ಎಂತ ಮಾಡುದು? ಬಂದವರ ಮರ್ಯಾದೆ ತೆಗಿಲಿಕ್ಕುಂಟಾ?”

ಗಂಜಿ ಹಾಕಿದ ಲಂಗ ಹಿಡಿದು ನಿಂತು, ನನಗೆ ಉತ್ತರ ಗೊತ್ತಿದ್ದ ಪ್ರಶ್ನೆಯನ್ನೇ ಕೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಅವಮಾನ ಇನ್ನೂ ಆರಿಲ್ಲ.

ಇಂದಿನ ಕಾರ್ಯಕ್ರಮಕ್ಕೆ ಜೊತೆಗೆ ಹೋಗೋಣವೆಂದು ಬಂದ ನೆರೆಮನೆಯ ಲಲಿತಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವರು ಬಾಗಿಲಲ್ಲೇ ನಿಂತು ಅಂದರು: “ಚೀಟಿಗೀಟಿ ಬೇಡ, ಎದ್ದು ನಿಂತು ಕೇಳು ಮಾರಾಯ್ತಿ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳ್ಲಿ. ಅದನ್ನು ಕೇಳ್ಲಿಕ್ಕೇ ನಾನು ಬರುದು.”