ಒಬ್ಬರ ಸಾಲು ಇನ್ನೊಬ್ಬರು ನೋಡಿದಾಗ

ಯಮನೂರಿಗೆ ಹೋಗಿ ಭಾಗ್ಯಾಳ ಮನೆ ಎಲ್ಲಿ ಎಂದು ಕೇಳಿದರೆ, ರೊಟ್ಟಿ ಭಾಗ್ಯಾನೋ ಕಂಪ್ಯೂಟರ್ ಭಾಗ್ಯಾನೋ ಎಂದು ತಿರುಗಿ ಕೇಳುತ್ತಾರೆ. ರೊಟ್ಟಿಯವಳ ಹೆಸರು ದೊಡ್ಡದು, ನವಲಗುಂದದ ತನಕ ಹಬ್ಬಿದೆ. ಈ ಕತೆ ಎರಡನೆಯವಳದು. ಹನಮಪ್ಪ ಮತ್ತು ಫಕೀರವ್ವರ ಹಿರಿಮಗಳು, ಬಿಸಿಎ ಓದಿದವಳು. ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲವೆಂದು ದರ್ಗಾದ ದಾರಿಯಲ್ಲಿರುವ ಜಹೀರ್‌ನ ಅಂಗಡಿಯ ಮಾಳಿಗೆಯಲ್ಲಿ ಟೇಬಲ್ ಹಾಕಿಕೊಂಡು ಕೂತವಳು. ಕೆಳಗೆ ಸಕ್ಕರೆ, ಊದಿನಕಡ್ಡಿ, ಮೇಲೆ ಭಾಗ್ಯಾ.

ಅವಳ ಕೆಲಸ ಇಷ್ಟು. ಸುತ್ತಲಿನ ರೈತರ ಕಂಪನಿಯೊಂದು ಹೊಲಗಳಲ್ಲಿ ಮಣ್ಣಿನ ಹಸಿ ಅಳೆಯುವ ಯಂತ್ರ ನೆಟ್ಟಿದೆ. ಯಂತ್ರದ ಲೆಕ್ಕವನ್ನು ಕಟ್ಟುವ, ಬಿಚ್ಚುವ ಮೂಲ ಲೈಬ್ರರಿ, ಅಂದರೆ ಸಿದ್ಧ ಪ್ರೋಗ್ರಾಂಗಳ ಸಂಗ್ರಹ, ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿದೆ. ಬೇರೆ ಭಾಷೆಗಳಲ್ಲಿ ಪ್ರೋಗ್ರಾಂ ಬರೆಯುವವರಿಗೆ ಅದು ದಕ್ಕಬೇಕಾದರೆ ನಡುವೆ ಒಂದೊಂದು ಸೇತುವೆ ಬೇಕು. ಜಾವಾ ಸೇತುವೆ ಭಾಗ್ಯಾ ಕಟ್ಟಿದ್ದು. ಊರಿನವರ ಮೊಬೈಲ್ ಆ್ಯಪ್ ನಿಂತಿರುವುದು ಅದರ ಮೇಲೆ. ಪೈಥಾನ್ ಸೇತುವೆ ಅವಳ ಸಹೋದ್ಯೋಗಿ ಕಾಶಿನಾಥನದು. ಕಚೇರಿಯ ಯಂತ್ರ ಅದರಿಂದಲೇ ಎಲ್ಲ ಹೊಲಗಳ ಲೆಕ್ಕ ಓದುತ್ತದೆ. ರೂಬಿ ಭಾಷೆಗೆ ಇನ್ನೊಂದಿದೆ. ಎಲ್ಲದರ ಮೇಲ್ವಿಚಾರಣೆ ಕುಂದಗೋಳದ ಗೌರೀಶನದು.

ಆ ಗೌರೀಶ ಒಂದು ದಿನ ಫೋನ್ ಮಾಡಿದ. ಜಾವಾ ಕಡೆಯಿಂದ ಬಂದ ಕೆಲವು ಹೊಲಗಳು ಕಚೇರಿಯಲ್ಲಿ ಕಾಣುವುದೇ ಇಲ್ಲ. ಇಷ್ಟು ದಿನ ನೆಟ್‌ವರ್ಕಿಗೆ ಬೈದದ್ದಾಯಿತು, ಇನ್ನು ಸಾಕು ಎಂದು ಸಭೆಯಲ್ಲಿ ಮಾತು ಬಂದಿದೆ.

“ಹೊಲಾ ಮಾಯ ಆಗ್ತಾವು, ಟೆಸ್ಟ್ ನೋಡಿದ್ರ ಎಲ್ಲಾ ಹಸಿರು. ಇಂಥಾ ಟೆಸ್ಟ್ ನಂಬೂದು ಹ್ಯಾಂಗ್ರಿ ಭಾಗ್ಯಾ ಅವರ? ನಂಬಿಗಿ ಬರೂವಂಗ ಮಾಡ್ರಿ. ಇಲ್ಲಾಂದ್ರ ಮುಂದಿನ ಆವೃತ್ತಿಯೊಳಗ ಜಾವಾ ಬಿಡೂಣು ಅಂತಾರ.”

ಟೆಸ್ಟ್ ಎಂದರೆ ಕೆಲಸ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಸಣ್ಣ ಪ್ರೋಗ್ರಾಂ. ಸರಿಯಿದ್ದರೆ ಹಸಿರು, ತಪ್ಪಿದ್ದರೆ ಕೆಂಪು. ಜಾವಾ ಬಿಟ್ಟರೆ ಊರಿನ ಆ್ಯಪ್ ಬಿದ್ದಂತೆ, ಆ್ಯಪ್ ಬಿದ್ದರೆ ಭಾಗ್ಯಾ ಮಾಳಿಗೆ ಇಳಿದಂತೆ.

ಅವಳು ಟೆಸ್ಟ್‌ಗಳ ರಾಶಿಗೆ ಕೈ ಹಾಕಿದಳು. ವರ್ಷಗಳಿಂದ ಒಬ್ಬರದನ್ನು ನೋಡಿ ಒಬ್ಬರು ಬರೆದುಕೊಂಡವು ಅವು. ಪೈಥಾನಿನಲ್ಲಿ ತಿದ್ದಿದ್ದು ಜಾವಾದಲ್ಲಿ ತಿದ್ದಿಲ್ಲ, ರೂಬಿಯಲ್ಲಿ ಅರ್ಧವೇ ಇಲ್ಲ. ಎಲ್ಲವನ್ನೂ ಕೆದರಿ, ಪರೀಕ್ಷೆಯ ಸಂಗತಿಗಳನ್ನು ಒಂದೇ ಕಡೆ ಒಟ್ಟಿ, ಮೂರೂ ಸೇತುವೆ ಅವುಗಳನ್ನೇ ನಡೆಸುವಂತೆ ಮಾಡಿದಳು. ಊರಿನ ನಿಜವಾದ ಹೊಲಗಳ ಹೆಸರುಗಳನ್ನೂ ಸೇರಿಸಿದಳು. ಅವಳ ತಮ್ಮ ಹುಲಿಗೇಶ ಆ್ಯಪ್‌ನಲ್ಲಿ ಹೊಲದ ಹೆಸರಿನ ಮುಂದೆ ಹುಲಿಯ ಮುಖದ ಇಮೋಜಿ ಚಿತ್ರ ಇಟ್ಟಿದ್ದ. ಅಪ್ಪನಿಗೆ ಅಕ್ಷರ ಬಾರದು, ಚಿತ್ರ ನೋಡಿ ಒತ್ತುತ್ತಾನೆ. ಅವನನ್ನು ನೋಡಿ ಓಣಿಯವರೂ ಎತ್ತು, ಕೋಳಿ, ಮೆಣಸಿನಕಾಯಿ ಇಟ್ಟುಕೊಂಡಿದ್ದರು. ನಡೆಸಿದಳು. ಎಲ್ಲಾ ಹಸಿರು. ಹುಲಿಗೇಶನ ಹೊಲ ಕಚೇರಿಯಲ್ಲಿ ಮತ್ತೆ ಮಾಯ. ಭಾಗ್ಯಾಳಿಗೆ ಅಳುವೇ ಬಂತು.

ಅಂಥದ್ದರಲ್ಲಿ ಫಕೀರವ್ವನ ಮೊಣಕಾಲು ಹಿಡಿದುಕೊಂಡಿತು. ಓಣಿಯ ಹನಮವ್ವನ ಉಳ್ಳಾಗಡ್ಡಿ ಹೊಲಕ್ಕೆ ಕಸ ತೆಗೆಯಲು ಮುಯ್ಯಾಳು ಹೋಗುವ ಸರದಿ ಅವಳದು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಮುಯ್ಯಿ ತಪ್ಪಿಸುವಂತಿಲ್ಲ. ಭಾಗ್ಯಾ ಕುರ್ಪಿ ಹಿಡಿದು ಹೋದಳು. ಹೊತ್ತು ಇಳಿದಾಗ ತನ್ನ ಸಾಲುಗಳನ್ನು ಇನ್ನೊಮ್ಮೆ ನೋಡೋಣವೆಂದು ತಿರುಗಿದರೆ ಹನಮವ್ವ ತಡೆದಳು.

“ನಿನ್ನ ಸಾಲು ನೀ ನೋಡಬ್ಯಾಡ ಬೇ. ಇಲ್ಲಿ ಹಂಗಿಲ್ಲ. ಬಾಜೂಕಿನಾಕಿ ಸಾಲು ನೀ ನೋಡು, ನಿಂದು ಆಕಿ ನೋಡ್ಲಿ.”

ಎಳೆಯ ಉಳ್ಳಾಗಡ್ಡಿಗೂ ಜೇಕು ಎಂಬ ಕಳೆ ಹುಲ್ಲಿಗೂ ನೋಟದಲ್ಲಿ ಹೆಚ್ಚು ಫರಕಿಲ್ಲ. ಒಮ್ಮೆ ಬೆಳೆ ಎಂದು ಬಿಟ್ಟ ಕಣ್ಣು ಎರಡನೇ ಸಲವೂ ಬೆಳೆ ಎಂದೇ ಬಿಡುತ್ತದೆ. ಬಾಜೂಕಿನ ಸಾಲಿನ ಹೆಂಗಸು ಭಾಗ್ಯಾಳ ಸಾಲಿನಿಂದ ಒಂದು ಹಿಡಿ ಜೇಕು ಕಿತ್ತು ಎಲ್ಲರಿಗೂ ತೋರಿಸಿದಳು. “ನಮ್ಮ ಕಂಪ್ಯೂಟರ್‌ನಾಕಿ ಈ ಸಲ ಜೇಕಿನ ಪೀಕು ತಗೀತಾಳ ನೋಡ್ರಿ. ರೇಟ್ ಬಂದ್ರ ನಮಗೂ ಹೇಳು.”

ಹೊಲವೆಲ್ಲ ನಕ್ಕಿತು. ಭಾಗ್ಯಾನೂ ನಕ್ಕಳು, ನಗುತ್ತಲೇ ನಿಂತುಬಿಟ್ಟಳು. ಜಾವಾ ಬರೆದದ್ದನ್ನು ಓದುತ್ತಿದ್ದುದು ಜಾವಾನೇ. ಪೈಥಾನ್ ಕಟ್ಟಿದ್ದನ್ನು ಬಿಚ್ಚುತ್ತಿದ್ದುದು ಪೈಥಾನೇ. ಮೂವರೂ ತಮ್ಮ ತಮ್ಮ ಸಾಲು ತಾವೇ ನೋಡಿಕೊಂಡು ಹಸಿರು ಬಾವುಟ ಹಾರಿಸಿದ್ದರು.

ಮರುದಿನ ಮಾಳಿಗೆ ಏರಿದವಳೇ ಟೆಸ್ಟ್‌ಗಳನ್ನು ಮುಯ್ಯಿಗೆ ಹಚ್ಚಿದಳು: ಒಂದು ಬರೆದದ್ದನ್ನು ಮತ್ತೊಂದು ಓದಬೇಕು. ಜಾವಾ ಬರೆದು ಪೈಥಾನ್ ಓದುವಲ್ಲಿ ಕೆಂಪು. ಹುಲಿ ಕೆಂಪು, ಎತ್ತು ಕೆಂಪು, ಕೋಳಿ ಕೆಂಪು. ಕನ್ನಡದ ಅಕ್ಷರಗಳು ಸುರಕ್ಷಿತವಾಗಿ ದಾಟಿದ್ದವು, ಚಿತ್ರಗಳು ಮಾತ್ರ ಇಲ್ಲ. ಜಾವಾ ಒಳಗೊಳಗೆ ಚಿತ್ರಗಳನ್ನು ತನ್ನದೇ ಬಗೆಯಲ್ಲಿ ಮಡಚಿ ಕೊಡುತ್ತಿತ್ತು. ತಾನು ಮಡಚಿದ್ದು ತನಗೆ ಬಿಚ್ಚಲು ಬರುತ್ತದೆ. ಪೈಥಾನಿಗೆ ಬಾರದು, ಅದು ಇಡೀ ಹೊಲವನ್ನೇ ಬದಿಗೆ ತಳ್ಳುತ್ತಿತ್ತು. ತಪ್ಪು ನೆಟ್‌ವರ್ಕಿನದಲ್ಲ, ಕಾಶಿನಾಥನದೂ ಅಲ್ಲ. ಭಾಗ್ಯಾ ಕಟ್ಟಿದ ಸೇತುವೆಯದೇ.

ಜಾವಾ ಬಿಡೋಣ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಚಿತ್ರಗಳಿರುವ ಹೆಸರುಗಳನ್ನು ಪರೀಕ್ಷೆಯಿಂದ ತೆಗೆದುಬಿಟ್ಟರೆ ಮತ್ತೆ ಎಲ್ಲಾ ಹಸಿರು. ಬೆರಳು ಆ ಸಾಲುಗಳ ಮೇಲೆ ಹೋಗಿಯೂ ಬಂತು. ಆದರೆ ಅಪ್ಪ ಒತ್ತುವುದು ಚಿತ್ರವನ್ನೇ. ಅದನ್ನು ತೆಗೆದರೆ ಟೆಸ್ಟ್ ಯಾರಿಗಾಗಿ? ಕೆಂಪನ್ನು ಕೆಂಪಾಗಿಯೇ ಇಟ್ಟು ಗೌರೀಶನಿಗೆ ಕಳಿಸಿದಳು. ತಪ್ಪು ನನ್ನ ಸೇತುವೆಯಲ್ಲಿದೆ, ಇಂಥಲ್ಲಿದೆ, ತಿದ್ದುತ್ತೇನೆ ಎಂದು ಬರೆದಳು.

ಫೋನ್ ಬರುವ ಹೊತ್ತಿಗೆ ತಿದ್ದುಪಡಿ ಅರ್ಧ ಮುಗಿದಿತ್ತು. ಮಡಚುವ ಕೆಲಸ ಜಾವಾಕ್ಕೆ ಬಿಡದೆ, ಎಲ್ಲ ಭಾಷೆಗಳೂ ಒಪ್ಪಿದ ಬಗೆಯಲ್ಲಿ ತಾನೇ ಮಡಚಿ ದಾಟಿಸುತ್ತಿದ್ದಳು.

“ನಮ್ಮ ಟೆಸ್ಟ್ ಒಂದು ಖರೇ ಹೇಳಿದ್ದು ಇದ ಮೊದಲನೇ ಸಲ,” ಎಂದ ಗೌರೀಶ. “ಎಲ್ಲಿ ಮುರದೈತಿ ಅಂತ ಗೊತ್ತಿರೂ ಸೇತುವಿ ಯಾರರ ಬಿಡ್ತಾರೇನ್ರಿ? ಜಾವಾ ಇರ್ಲಿ. ಟೆಸ್ಟ್ ಎಲ್ಲಾ ಇನ್ನ ಮ್ಯಾಲ ನೀವ ನೋಡ್ಕೋರಿ.”

ಸಂಜೆಗೆ ಜಾವಾದ ಎಲ್ಲವೂ ಹಸಿರಾದವು. ಹುಲಿಗೇಶನ ಹೊಲ ಕಚೇರಿಯಲ್ಲಿ ಕಾಣಿಸಿಕೊಂಡಿತು. ಅಷ್ಟರಲ್ಲಿ ಕಾಶಿನಾಥನ ಕರೆ. ಮೊದಲು ಅಭಿನಂದನೆ ಹೇಳಿದ, ಆಮೇಲೆ ಹವಾಮಾನ ವಿಚಾರಿಸಿದ, ಕೊನೆಗೆ ದನಿ ತಗ್ಗಿಸಿದ.

“ಮತ್ತ... ನಮ್ಮ ಪೈಥಾನ್ ಬರದಿದ್ದು ರೂಬಿ ಓದಿತೇನ್ರಿ?”

ಭಾಗ್ಯಾ ಪರದೆಯ ಮೇಲಿನ ಒಂದೇ ಒಂದು ಕೆಂಪು ಸಾಲನ್ನು ನೋಡಿ, ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

“ಒಂದು ಸಿಕ್ಕೈತ್ರಿ. ಗಾಬರಿ ಆಗಬ್ಯಾಡ್ರಿ, ಇಬ್ರೂ ಕೂಡೇ ನೋಡೂಣು.”